ಬೇಡ ಎನ್ನಬಲ್ಲವರ ಮುಂದೆ

ಮನವೊಲಿಸುವ ಮಾತನ್ನು ಮಕ್ಕಳಿಗೆ ಕಲಿಸುವುದು ಹೇಗೆ ಎಂದು ಇವತ್ತು ಶಿಕ್ಷಕರನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ. ನಾಲ್ಕೈದು ಮಕ್ಕಳ ಗುಂಪು ಮಾಡಬೇಕು. ಇದುವರೆಗೆ ಯಾರೂ ಮಾಡದ ಒಂದು ವಸ್ತುವನ್ನು ಅವರು ಕಲ್ಪಿಸಿಕೊಳ್ಳಬೇಕು. ಅದಕ್ಕೊಂದು ಹೆಸರು, ಒಂದು ಘೋಷವಾಕ್ಯ, ಒಂದು ಬೆಲೆ ಇಡಬೇಕು. ಚಾರ್ಟು ಹಿಡಿದು ತರಗತಿಯ ಮುಂದೆ ನಿಂತು ಐದು ನಿಮಿಷದಲ್ಲಿ ಅದನ್ನು ಮಾರಬೇಕು. ಕೇಳುವ ಮಕ್ಕಳ ಕೈಯಲ್ಲಿ ಕಾಗದದ ಆಟದ ನೋಟುಗಳಿರುತ್ತವೆ. ಹೆಚ್ಚು ನೋಟು ಬಿದ್ದ ಗುಂಪಿಗೆ ಬಹುಮಾನ. ಹೋಂವರ್ಕ್ ತಾನೇ ಬರೆಯುವ ಪೆನ್ನು, ಕೊಳೆಯಾಗದ ಸಮವಸ್ತ್ರ, ಮಳೆ ಬರುವ ಮೊದಲೇ ಬಿಚ್ಚಿಕೊಳ್ಳುವ ಕೊಡೆ, ಎಲ್ಲ ಹೀಗೆ ಹುಟ್ಟಿ ಅದೇ ಸಂಜೆ ಮರೆತುಹೋಗುತ್ತವೆ.

ಈ ಪಾಠಕ್ಕೆ ವಿರೋಧಿಗಳೇ ಇಲ್ಲ. ಮಕ್ಕಳು ನಗುತ್ತಾರೆ, ಬಾಯಿ ಬಿಡದವರೂ ಎರಡು ಮಾತಾಡುತ್ತಾರೆ, ಪೋಷಕರು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆ. 2021ರ ಡಿಸೆಂಬರಿನಲ್ಲಿ ಟಿ.ವಿ.ಯಲ್ಲಿ ‘ಶಾರ್ಕ್ ಟ್ಯಾಂಕ್ ಇಂಡಿಯಾ’ ಶುರುವಾದ ಮೇಲಂತೂ ಹೂಡಿಕೆದಾರರ ಮುಂದೆ ನಿಂತು ತನ್ನ ಸರಕನ್ನು ಬಣ್ಣಿಸುವುದೇ ಮಾತುಗಾರಿಕೆಯ ಉತ್ತುಂಗ ಎಂಬ ಭಾವನೆ ಮನೆಮನೆಗೂ ಬಂದಿದೆ. ಉದ್ಯಮಶೀಲತೆ, ಆತ್ಮವಿಶ್ವಾಸ, ಸಂವಹನ ಎಲ್ಲವೂ ಒಂದೇ ಪಾಠದಲ್ಲಿ ಸಿಗುತ್ತವೆ ಎನ್ನುವಾಗ ಬೇಡ ಎನ್ನುವವರು ಯಾರು?

ನಾನು ಬೇಡ ಎನ್ನುತ್ತೇನೆ. ಇಲ್ಲದ ವಸ್ತುವನ್ನು ಮಾರಿಸುವ ಈ ಪಾಠ ಮನವೊಲಿಸುವುದನ್ನು ಕಲಿಸುವುದಿಲ್ಲ, ಹೊಗಳುವುದನ್ನು ಕಲಿಸುತ್ತದೆ. ಇವೆರಡರ ನಡುವಿನ ಅಂತರ ಚಿಕ್ಕದಲ್ಲ, ಅದು ಮಗುವಿನ ಬಾಳಿನಲ್ಲಿ ಉಳಿದುಬಿಡುವಂಥದ್ದು. ಈ ಮಾತನ್ನು ವಾದಿಸಲು ಹೊಸೂರಿನ ಪಕ್ಕದ ತೊರಪಲ್ಲಿ ಅಗ್ರಹಾರಕ್ಕಿಂತ ತಕ್ಕ ಜಾಗ ನನಗೆ ತೋಚದು. ಕಾರಣ, 1878ರ ಡಿಸೆಂಬರ್ 10ರಂದು ಇಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ. ಈ ಊರಿನ ಶಾಲೆ, ಹೊಸೂರಿನ ಸರ್ಕಾರಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಸೇಲಂನಲ್ಲಿ ವಕೀಲಿಕೆ. ಅವರು ಹುಟ್ಟಿದ ಮನೆ ಈಗ ತಮಿಳುನಾಡು ಸರ್ಕಾರದ ಸ್ಮಾರಕ. ರಾಜಾಜಿ ಗುಡುಗುವ ಭಾಷಣಕಾರರಲ್ಲ. ಆದರೆ ಜನರಿಗೆ ಇಷ್ಟವಿಲ್ಲದ್ದನ್ನು ಜನರ ಮುಂದೆಯೇ ನಿಂತು ವಾದಿಸುವ ಕೆಲಸದಲ್ಲಿ ಅವರಂಥವರು ನಮ್ಮ ಸಾರ್ವಜನಿಕ ಜೀವನದಲ್ಲಿ ಕಡಿಮೆ. ಅವರು ಗೆದ್ದದ್ದೂ ಸೋತದ್ದೂ ಎರಡೂ ಈ ಪಾಠವನ್ನು ಒರೆಗೆ ಹಚ್ಚಲು ಬೇಕಾಗುತ್ತವೆ.

ಮೊದಲು ಕೇಳುವವರ ವಿಚಾರ. ಅರಿಸ್ಟಾಟಲ್ ತನ್ನ ವಾಕ್ಶಾಸ್ತ್ರದ ಮೊದಲ ಭಾಗದಲ್ಲೇ ಭಾಷಣಗಳನ್ನು ಮೂರು ಬಗೆಯಾಗಿ ವಿಂಗಡಿಸುವಾಗ ಹಿಡಿದ ಅಳತೆಗೋಲು ಕೇಳುಗನೇ. ಮುಂದೆ ಏನು ಮಾಡಬೇಕೆಂದು ತೀರ್ಮಾನಿಸುವ ಸಭೆಯಲ್ಲಿ, ಹಿಂದೆ ಏನು ನಡೆಯಿತೆಂದು ತೀರ್ಮಾನಿಸುವ ನ್ಯಾಯಾಲಯದಲ್ಲಿ ಕೇಳುಗ ನಿರ್ಣಯ ಕೊಡುವವನು. ಹೊಗಳಿಕೆಯ ಭಾಷಣದಲ್ಲಿ ಮಾತ್ರ ಅವನು ನೋಡುಗ. ಮಾತಿನ ಚೆಲುವನ್ನು ನೋಡಿ ತಲೆದೂಗುವವನು. ಆಟದ ನೋಟು ಹಿಡಿದು ಕೂತ ಮಗು ಈ ಮೂರನೆಯ ಬಗೆಯ ಕೇಳುಗ. ಅದು ಕೊಟ್ಟರೂ ಏನೂ ಕಳೆದುಕೊಳ್ಳುವುದಿಲ್ಲ, ಕೊಡದಿದ್ದರೂ ಏನೂ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಅದಕ್ಕೆ ‘ಬೇಡ’ ಎನ್ನಲು ಕಾರಣವಿಲ್ಲ. ‘ಬೇಡ’ ಎನ್ನಲು ಕಾರಣವಿಲ್ಲದವರನ್ನು ಒಪ್ಪಿಸಿದೆ ಎಂದರೆ ಒಪ್ಪಿಸಿದಂತಾಗುವುದಾದರೂ ಹೇಗೆ?

ಇನ್ನೊಂದು ದೋಷ ಇದಕ್ಕಿಂತ ಆಳದ್ದು. ವಸ್ತುವೇ ಇಲ್ಲದಿರುವಾಗ ಆಕ್ಷೇಪಣೆಯೂ ಇರಲಾರದು. ಪೆನ್ನಿನ ಬ್ಯಾಟರಿ ಬೇಗ ಮುಗಿದರೆ ಎಂದು ಯಾರಾದರೂ ಕೇಳಿದರೆ, ಅದು ಬಿಸಿಲಿಗೆ ಚಾರ್ಜ್ ಆಗುತ್ತದೆ ಎಂಬ ಉತ್ತರ ಆ ಕ್ಷಣದಲ್ಲೇ ಹುಟ್ಟುತ್ತದೆ. ಬಿಸಿಲಿಲ್ಲದ ದಿನ? ಗಾಳಿಯಿಂದಲೂ ಆಗುತ್ತದೆ. ಬೆಲೆ? ಹತ್ತೇ ರೂಪಾಯಿ. ಪ್ರಶ್ನೆ ಬಂದಾಗಲೆಲ್ಲ ವಸ್ತುವನ್ನೇ ಬದಲಿಸಿಕೊಳ್ಳಬಹುದು. ಜಾಣ ಮಗು ಇದನ್ನು ಬೇಗ ಕಲಿಯುತ್ತದೆ. ಶಿಕ್ಷಕರು ಅದನ್ನು ‘ಸಮಯಸ್ಫೂರ್ತಿ’ ಎಂದು ಮೆಚ್ಚುತ್ತಾರೆ. ಆ ಮಗು ನಿಜವಾಗಿ ಕಲಿತದ್ದು ಏನೆಂದರೆ, ಎದುರಾಡಿದವರ ಮಾತು ತನ್ನ ಮಾತಿನ ಮೇಲೆ ಯಾವ ಗುರುತನ್ನೂ ಉಳಿಸಬೇಕಾಗಿಲ್ಲ ಎಂಬುದು. ವಾದ ಮಾಡುವವರಿಗೆ ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ಇದರ ಎದುರಿಗೆ ರಾಜಾಜಿಯವರ ಪಾನನಿಷೇಧದ ವಾದವನ್ನು ಇಟ್ಟು ನೋಡಿ. 1925ರಲ್ಲಿ ಅವರು ತಿರುಚೆಂಗೋಡಿನ ಬಳಿಯ ಪುದುಪಾಳಯದಲ್ಲಿ ಗಾಂಧಿ ಆಶ್ರಮ ಕಟ್ಟಿದರು. ಅಲ್ಲಿಂದ ‘ವಿಮೋಚನಂ’ ಎಂಬ ತಮಿಳು ಪತ್ರಿಕೆ ಹೊರಡಿಸಿದರು. ಅದರ ಗುರಿ ಒಂದೇ, ಕುಡಿತ ಬಿಡಿಸುವುದು. ಯೋಚಿಸಿ, ಇದು ಸರಕು ಮಾರುವುದರ ತಲೆಕೆಳಗಿನ ಕೆಲಸ. ಮಾರುವವನು ‘ತೆಗೆದುಕೋ’ ಎನ್ನುತ್ತಾನೆ. ಇವರು ‘ಬಿಟ್ಟುಬಿಡು’ ಎನ್ನಬೇಕಾಗಿತ್ತು. ಕೂಲಿ ಮುಗಿಸಿ ಬಂದವನ ಕೈಯಿಂದ ಅವನ ಸಂಜೆಯನ್ನೇ ಬಿಡಿಸಬೇಕಾಗಿತ್ತು. 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದ ಮೇಲೆ ಅವರು ಪಾನನಿಷೇಧವನ್ನು ಮೊದಲು ತಂದದ್ದು ತಮ್ಮ ಸೇಲಂ ಜಿಲ್ಲೆಯಲ್ಲೇ, ಆ ವರ್ಷದ ಅಕ್ಟೋಬರ್ 1ರಿಂದ. ಹೊಸೂರೂ ತೊರಪಲ್ಲಿಯೂ ಆಗ ಸೇಲಂ ಜಿಲ್ಲೆಗೇ ಸೇರಿದ್ದವು. ಅಂದರೆ ಕಾಯ್ದೆಯ ಭಾರ ಮೊದಲು ಬಿದ್ದದ್ದು ತಮ್ಮವರ ಮೇಲೆ.

ಆಗ ಎದುರಾದ ಆಕ್ಷೇಪಣೆ ಕಲ್ಪನೆಯದಲ್ಲ. ಹೆಂಡದ ಗುತ್ತಿಗೆಯಿಂದ ಖಜಾನೆಗೆ ಬರುತ್ತಿದ್ದ ಹಣ ನಿಂತರೆ ಸರ್ಕಾರ ನಡೆಯುವುದು ಹೇಗೆ? ಈ ಪ್ರಶ್ನೆಯನ್ನು ಅವರು ಮಾತಿನಿಂದ ತೇಲಿಸಲಿಲ್ಲ. 1939ರಲ್ಲಿ ಮಾರಾಟ ತೆರಿಗೆಯ ಕಾನೂನು ತಂದರು. ವ್ಯಾಪಾರಿಗಳಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಆ ತೆರಿಗೆ ಸರಿಯೋ ತಪ್ಪೋ, ಪಾನನಿಷೇಧ ಕಾನೂನಿನಿಂದ ಆಗುವ ಕೆಲಸವೋ ಅಲ್ಲವೋ, ಅದು ಬೇರೆ ಚರ್ಚೆ. ನನಗೆ ಅದರಲ್ಲಿ ಸಂಶಯಗಳಿವೆ. ಇಲ್ಲಿ ಮುಖ್ಯವಾದದ್ದು, ತನ್ನ ಮಾತಿಗೆ ತಗಲುವ ಖರ್ಚನ್ನು ತಾನೇ ಎದುರಿಗಿಟ್ಟು, ಅದನ್ನು ಯಾರು ತೆರಬೇಕೆಂದೂ ಹೇಳಿದ ವಾದದ ರೀತಿ. ನಮ್ಮ ತರಗತಿಯ ಸರಕು ಮಾರಾಟದಲ್ಲಿ ಈ ಅಂಗವೇ ಇಲ್ಲ. ಅಂಕ ಕೊಡುವ ಪಟ್ಟಿಯಲ್ಲಿ ಧ್ವನಿ, ಹಾವಭಾವ, ಚಾರ್ಟಿನ ಅಂದ, ಆಕರ್ಷಕ ಆರಂಭಕ್ಕೆ ಜಾಗವಿದೆ. ‘ಇದರ ಕೊರತೆ ಏನೆಂದು ಹೇಳಿದೆಯಾ’ ಎಂಬುದಕ್ಕೆ ಇಲ್ಲ.

1962ರದು ಇನ್ನೊಂದು ಪ್ರಸಂಗ. ಅಣುಬಾಂಬ್ ಪರೀಕ್ಷೆ ನಿಲ್ಲಿಸಿರೆಂದು ಕೇಳಲು ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗವೊಂದು ಅಮೆರಿಕಕ್ಕೆ ಹೋಯಿತು. ರಾಜಾಜಿಯವರ ಜೊತೆಗಿದ್ದವರಲ್ಲಿ ಒಬ್ಬರು ನಮ್ಮ ರಂಗನಾಥ ದಿವಾಕರ, ಇನ್ನೊಬ್ಬರು ಮಂಗಳೂರು ಮೂಲದ ಪತ್ರಕರ್ತ ಬಿ. ಶಿವರಾವ್. ಎಂಬತ್ತಮೂರರ ರಾಜಾಜಿ ಅಧ್ಯಕ್ಷ ಕೆನಡಿಯವರ ಎದುರು ಕುಳಿತರು. ಕೈಯಲ್ಲಿ ಸೈನ್ಯವಿಲ್ಲ, ಪದವಿಯಿಲ್ಲ, ಕೊಡಲು ಏನೂ ಇಲ್ಲ. ಎದುರಿಗಿದ್ದವರಿಗೆ ‘ಆಗದು’ ಎನ್ನಲು ನೂರು ಕಾರಣಗಳಿದ್ದವು, ಆ ಕಾರಣಗಳು ಹುಸಿಯೂ ಅಲ್ಲ. ಮುಂದಿನ ವರ್ಷ ಮಾಸ್ಕೋದಲ್ಲಿ ಭಾಗಶಃ ಪರೀಕ್ಷಾ ನಿಷೇಧದ ಒಪ್ಪಂದಕ್ಕೆ ಸಹಿ ಬಿತ್ತು. ಅದು ಈ ಭೇಟಿಯ ಫಲ ಎಂದು ನಾನು ಹೇಳುತ್ತಿಲ್ಲ. ಮನವೊಲಿಕೆ ಎಂಬ ಕೆಲಸ ನಡೆಯುವುದು ಇಂಥ ಕೋಣೆಗಳಲ್ಲಿ ಎಂದಷ್ಟೇ ಹೇಳುತ್ತಿದ್ದೇನೆ.

ಇದೇ ಮನುಷ್ಯ ಸೋತದ್ದನ್ನೂ ಹೇಳದಿದ್ದರೆ ವಾದ ಅರ್ಧವಾಗುತ್ತದೆ. 1953ರಲ್ಲಿ ಮುಖ್ಯಮಂತ್ರಿಯಾಗಿದ್ದಾಗ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ಮಗು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿ ಕಲಿಯಬೇಕು, ಉಳಿದ ಹೊತ್ತು ಅಪ್ಪ ಅಮ್ಮನ ಕಸುಬಿನಲ್ಲಿ. ಕ್ಷೌರಿಕನ ಮಗ ಕ್ಷೌರಿಕನಾಗಿಯೇ ಉಳಿಯಲಿ ಎಂಬ ಯೋಜನೆ ಇದು ಎಂದು ವಿರೋಧಿಗಳು ಹೇಳಿದರು. ‘ಕುಲ ಕಲ್ವಿ’, ಅಂದರೆ ಕುಲದ ಶಿಕ್ಷಣ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಜಾತಿಯ ಏಟು ತಿಂದವರ ಆ ಮಾತಿನಲ್ಲಿ ತೂಕವಿತ್ತು. ಯೋಜನೆಯನ್ನು ಜಾರಿಗೆ ತರುವ ಮುನ್ನ ರಾಜಾಜಿ ಶಾಸನಸಭೆಯನ್ನೂ ತಮ್ಮ ಪಕ್ಷವನ್ನೂ ಒಪ್ಪಿಸಲು ನಿಲ್ಲಲಿಲ್ಲ. ಫಲ ಎಲ್ಲರಿಗೂ ಗೊತ್ತು. 1954ರಲ್ಲಿ ಅವರು ಅಧಿಕಾರ ಬಿಟ್ಟರು, ಕಾಮರಾಜರು ಬಂದರು, ಯೋಜನೆ ಹೋಯಿತು. ಕೇಳುವವರನ್ನು ನಿರ್ಣಾಯಕರೆಂದು ಎಣಿಸಿದಾಗ ಗಟ್ಟಿಯಾಗಿದ್ದ ಮಾತು, ಅವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದಾಗ ಮುರಿದುಬಿತ್ತು. ಬುದ್ಧಿಯಾಗಲಿ ಭಾಷೆಯಾಗಲಿ ಅದನ್ನು ಉಳಿಸಲಿಲ್ಲ.

ವಿದೇಶದ ಪುಸ್ತಕದಿಂದ ಪಾಠ ತರುವವರು ನಮ್ಮಲ್ಲೇ ಇರುವ ಮಾತಿನ ಶಾಲೆಯನ್ನು ಒಮ್ಮೆಯಾದರೂ ನೋಡಬೇಕಿತ್ತು. ಕಾಸರಗೋಡಿನಿಂದ ಉಡುಪಿಯವರೆಗೆ ತಾಳಮದ್ದಲೆ ಇದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ಬರೆದ ಸಂಭಾಷಣೆ ಇಲ್ಲ. ಎದುರಿನವನು ಏನು ಕೇಳುತ್ತಾನೆಂದು ಮೊದಲೇ ಗೊತ್ತಿಲ್ಲ. ‘ವಾಲಿವಧೆ’ಯಲ್ಲಿ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವಾಗ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತರೆ, ರಾಮನ ಅರ್ಥಧಾರಿಗೆ ತನ್ನ ದೇವತ್ವ ಯಾವ ಆಸರೆಯನ್ನೂ ಕೊಡುತ್ತಿರಲಿಲ್ಲ. ಮಾತಿಗೆ ಮಾತೇ ಕೊಡಬೇಕು. ‘ಕೃಷ್ಣಸಂಧಾನ’ದಲ್ಲಿ ಇನ್ನೂ ಸೊಗಸಾದ ವಿಷಯವಿದೆ: ಆ ಸಂಧಾನ ಮುರಿದುಬೀಳುತ್ತದೆ. ಕೃಷ್ಣನೇ ಬಂದು ಮಾತಾಡಿದರೂ ಕೌರವ ಒಪ್ಪುವುದಿಲ್ಲ, ಅದು ಸಭೆಗೆ ಮೊದಲೇ ಗೊತ್ತು. ಆದರೂ ರಾತ್ರಿಯಿಡೀ ಕೂತು ಕೇಳುತ್ತಾರೆ. ಕೌರವನ ಕಡೆಯ ನ್ಯಾಯವನ್ನು ಅಷ್ಟೇ ಗಟ್ಟಿಯಾಗಿ ಹೇಳಬಲ್ಲವನು ಎದುರಿಗಿದ್ದರೆ ಮಾತ್ರ ಕೃಷ್ಣನ ಮಾತಿಗೆ ಕಳೆ. ಸೋಲುವ ಸಾಧ್ಯತೆ ಇರುವ ಕಡೆಯೇ ಮನವೊಲಿಕೆಗೆ ಬೆಲೆ ಎಂದು ಈ ಕಲೆ ಎಷ್ಟೋ ತಲೆಮಾರುಗಳಿಂದ ತಿಳಿದಿದೆ. ಕೃಷ್ಣಗಿರಿ, ಧರ್ಮಪುರಿಯ ಕಡೆಯ ದ್ರೌಪದಿ ಗುಡಿಗಳ ಮಹಾಭಾರತದ ಉತ್ಸವದಲ್ಲಿ ಪ್ರವಚನ ಕೇಳಿ, ಕೂತ್ತು ಎಂಬ ಬಯಲಾಟ ನೋಡಿ ಬೆಳೆದ ಮಕ್ಕಳಿಗೂ ಈ ಸಂಧಾನ ಹೊಸದಲ್ಲ.

ಸರಕು ಮಾರಾಟದ ಪಾಠವನ್ನು ಮೆಚ್ಚುವವರ ಬಳಿ ಒಂದು ಬಲವಾದ ವಾದವಿದೆ, ಅದನ್ನು ತಳ್ಳಿಹಾಕಲಾರೆ. ಈ ಪಾಠ ಮಾತಿಗೆ ಒಂದು ಕ್ರಮ ಕೊಡುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ 1930ರ ದಶಕದಲ್ಲಿ ಕಟ್ಟಿದ ಐದು ಹೆಜ್ಜೆಗಳ ಕ್ರಮವೇ ಇದರ ಬೆನ್ನೆಲುಬು: ಗಮನ ಸೆಳೆ, ಕೊರತೆಯನ್ನು ತೋರಿಸು, ಪರಿಹಾರ ಹೇಳು, ಅದು ಬಂದರೆ ಬದುಕು ಹೇಗಿರುತ್ತದೆಂದು ಕಣ್ಣಿಗೆ ಕಟ್ಟು, ಈಗ ಏನು ಮಾಡಬೇಕೆಂದು ಹೇಳು. ಒಳ್ಳೆಯ ಕ್ರಮ. ಆದರೆ ಅದರ ಎರಡನೆಯ ಹೆಜ್ಜೆಯನ್ನು ನೋಡಿ. ಕೊರತೆಯನ್ನು ತೋರಿಸಬೇಕಾದರೆ ಕೊರತೆ ಇರಬೇಕು. ಕಲ್ಪಿತ ಸರಕಿಗೆ ಕಲ್ಪಿತ ಕೊರತೆಯನ್ನು ಮೊದಲು ಹುಟ್ಟಿಸಬೇಕಾಗುತ್ತದೆ. ಇಲ್ಲದ ನೋವನ್ನು ಇದೆ ಎಂದು ನಂಬಿಸಿ ಮದ್ದು ಮಾರುವ ಕೆಲಸಕ್ಕೆ ಹನ್ನೆರಡು ವರ್ಷದ ಮಗುವನ್ನು ಪಳಗಿಸುವುದು ಯಾವ ಶಿಕ್ಷಣ? ಈ ಪಾಠ ಸಭೆಯ ಅಂಜಿಕೆ ಬಿಡಿಸುತ್ತದೆ ಎಂಬ ಮಾತಿಗೆ ಹೆಚ್ಚು ಹೇಳಬೇಕಾದ್ದಿಲ್ಲ; ನಾಟಕ, ಕಥೆ ಹೇಳುವುದು, ಗಟ್ಟಿಯಾಗಿ ಓದುವುದು ಎಲ್ಲವೂ ಆ ಕೆಲಸ ಮಾಡುತ್ತವೆ.

ಮಾರುವುದೇ ಕೀಳು ಎಂದು ನಾನು ಹೇಳುತ್ತಿಲ್ಲ. ತಿರುಚೆಂಗೋಡಿನ ಆಶ್ರಮದಲ್ಲಿ ನೂಲುವವರಿಗೆ ಕೂಲಿ ಹುಟ್ಟಬೇಕಾದರೆ ಖಾದಿ ಮಾರಾಟವಾಗಲೇಬೇಕಿತ್ತು. ಆ ಕಾಲದಲ್ಲಿ ದೊಡ್ಡ ನಾಯಕರೇ ಖಾದಿಯನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಮಾರಿದ್ದಾರೆ. ಬಟ್ಟೆ ದಪ್ಪ, ಬೆಲೆ ಹೆಚ್ಚು, ಗಿರಣಿ ಬಟ್ಟೆಯ ನಯವಿಲ್ಲ. ಇದನ್ನು ಕೊಳ್ಳುವವನು ಕೈಯಲ್ಲಿ ಮುಟ್ಟಿ ನೋಡುತ್ತಿದ್ದ. ಮುಚ್ಚಿಡುವಂತಿರಲಿಲ್ಲ. ಕೊರತೆಯನ್ನು ಒಪ್ಪಿಕೊಂಡೇ ‘ಆದರೂ ಯಾಕೆ ಕೊಳ್ಳಬೇಕು’ ಎಂದು ಹೇಳಬೇಕಿತ್ತು. ಇವತ್ತಿಗೂ ರಾಯಕೋಟೆಯ ಟೊಮೊಟೊ ಮಂಡಿಗೆ ಹೋದರೆ ಅದೇ ಶಿಸ್ತು ಕಾಣುತ್ತದೆ. ಕೊಳ್ಳುವವನು ಹಣ್ಣನ್ನು ಒತ್ತಿ ನೋಡುತ್ತಾನೆ, ಬಾಕ್ಸಿನ ತಳದವರೆಗೂ ಕೈ ಹಾಕುತ್ತಾನೆ. ಬೆಳೆದವನ ಮಾತು ಹಣ್ಣಿಗಿಂತ ಒಂದು ಗುಲಗಂಜಿಯೂ ಮುಂದೆ ಹೋಗುವಂತಿಲ್ಲ, ಹೋದರೆ ನಾಳೆ ಅವನ ಬಾಕ್ಸಿನ ಹತ್ತಿರ ಯಾರೂ ಬರುವುದಿಲ್ಲ. ಹೊಸೂರಿನ ಕಾರ್ಖಾನೆಯಿಂದ 1980ರಲ್ಲಿ ಹೊರಬಂದ ಟಿವಿಎಸ್ 50 ಮೊಪೆಡ್ಡಿನ ಪರವಾಗಿ ಹಳ್ಳಿಗಳಲ್ಲಿ ವಾದಿಸಿದ್ದು ಅದರ ಮೇಲೆ ಹಾಲಿನ ಕ್ಯಾನು, ಸೊಪ್ಪಿನ ಮೂಟೆ ಹೇರಿಕೊಂಡು ಹೋದವರೇ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2021ರಲ್ಲಿ ಶುರುವಾದ ‘ಬಿಸಿನೆಸ್ ಬ್ಲಾಸ್ಟರ್ಸ್’ನಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳಿಗೆ ತಲಾ 2000 ರೂಪಾಯಿ ಕೊಟ್ಟು ನಿಜವಾಗಿ ಏನಾದರೂ ಮಾಡಿ ಎಂದರು. ಅದರ ಬಗ್ಗೆ ನನಗೆ ತಕರಾರು ಕಡಿಮೆ. ಅಲ್ಲಿ ಹಣ ಮುಳುಗಬಹುದು, ಗಿರಾಕಿ ತಿರುಗಿ ಬಂದು ಬೈಯಬಹುದು. ನನ್ನ ತಕರಾರು ಮುಳುಗುವುದಕ್ಕೆ ಏನೂ ಇಲ್ಲದ ಆಟವನ್ನು ಭಾಷೆಯ ಪಾಠವೆಂದು ಕರೆಯುವುದರ ಬಗ್ಗೆ.

ಗಡಿನಾಡಿನಲ್ಲಿ ಈ ಆಟಕ್ಕೆ ಇನ್ನೊಂದು ಕೆಡುಕು ಸೇರಿಕೊಳ್ಳುತ್ತದೆ. ಹೊಸೂರು ಸೀಮೆಯ ಮಗು ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುತ್ತದೆ, ಅಂಗಡಿಯಲ್ಲಿ ತಮಿಳನ್ನೂ ಸೇರಿಸಿ ಮೂರೂ ಭಾಷೆ ಬೆರೆಸುತ್ತದೆ. 2006ರ ತಮಿಳು ಕಲಿಕೆ ಕಾನೂನಿನಂತೆ ಶಾಲೆಯಲ್ಲಿ ತಮಿಳು ಕಡ್ಡಾಯ. ಇಷ್ಟರ ನಡುವೆ ‘ಪ್ರಾಡಕ್ಟ್ ಪಿಚ್’ ಎಂಬ ಕಾರ್ಯಕ್ರಮ ಬಂದಾಗ ಅದು ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬಾಯಿಪಾಠ ಮಾಡಿದ ಹತ್ತು ವಾಕ್ಯಗಳನ್ನು ತಡವರಿಸದೆ ಹೇಳಿದ ಮಗು ‘ಒಳ್ಳೆಯ ವಾಗ್ಮಿ’ ಆಗುತ್ತದೆ. ಸಂತೆಯಲ್ಲಿ ಅವ್ವನ ಪಕ್ಕ ಕೂತು ಚೌಕಾಸಿ ಮಾಡುವವರಿಗೆ ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು ಉತ್ತರ ಕೊಟ್ಟು ಎರಡು ರೂಪಾಯಿ ಉಳಿಸುವ ಮಗು ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂತಿರುತ್ತದೆ. ಮನವೊಲಿಸುವ ಶಕ್ತಿ ಯಾರಲ್ಲಿದೆ ಎಂದು ಶಾಲೆಗೆ ಕಾಣಿಸುವುದೇ ಇಲ್ಲ. ಇದು ನನಗೆ ಬಹಳ ನೋವಿನ ವಿಷಯ.

ಹಾಗಾದರೆ ಏನನ್ನು ಕಲಿಸಬೇಕು? ತೊರಪಲ್ಲಿಯ ಸುತ್ತಿನಲ್ಲಿ ವಿಷಯಕ್ಕೆ ಬರವಿಲ್ಲ. ನಂದಿಬೆಟ್ಟದ ಕಡೆ ಹುಟ್ಟಿದ ದಕ್ಷಿಣ ಪಿನಾಕಿನಿ ಹೊಸಕೋಟೆಯ ಸೀಮೆ ದಾಟಿ ಇಲ್ಲಿಗೆ ಬಂದು ತೆನ್‌ಪೆಣ್ಣೆಯಾಗುತ್ತದೆ. ದಾರಿಯಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಅದಕ್ಕೆ ಸೇರುತ್ತದೆ. ಬೆಂಗಳೂರಿನ ಕೊಳಚೆ ಹೊತ್ತ ನೀರು. ಕೆಲವರಪಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಬಿಳಿ ನೊರೆ ಗುಡ್ಡೆಗುಡ್ಡೆಯಾಗಿ ಎದ್ದು ಬರುವುದನ್ನು ಈ ಭಾಗದ ಮಕ್ಕಳು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಗಿಲ್ಲ. ಈ ನೊರೆಗೆ ಕಾರಣರಾದವರು ಗಡಿಯಾಚೆ ಇದ್ದಾರೆ. ಅವರು ಕೆಟ್ಟವರಲ್ಲ, ತಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸಿದವರಲ್ಲ. ಅವರಿಗೆ ‘ಬೇಡ’ ಎನ್ನಲು, ‘ನಮ್ಮ ಕೈಯಲ್ಲೇನಿದೆ’ ಎನ್ನಲು ಕಾರಣಗಳಿವೆ. ಅವರಲ್ಲಿ ಬಹಳ ಜನರ ಭಾಷೆ ಕನ್ನಡ. ಶಾಲೆಯಲ್ಲಿ ಅಂಚಿಗೆ ಸರಿದ ಆ ಕನ್ನಡದ ಮಗುವಿನ ಬಳಿ ಅವರನ್ನು ತಲುಪುವ ಭಾಷೆ ಇದೆ. ಹೊಸೂರಿನ ಯಾವ ಇಂಗ್ಲಿಷ್ ಪಿಚ್ಚೂ ಮಾಡಲಾರದ ಕೆಲಸವನ್ನು ಈ ಮಗು ಮಾಡಬಲ್ಲದು: ವರ್ತೂರಿನ ಒಂದು ಶಾಲೆಯ ಮಕ್ಕಳಿಗೆ, ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಅವರೆದುರು ನಿಂತು ಮಾತಾಡಬಹುದು, ಅವರ ಉತ್ತರವನ್ನು ಹೊತ್ತು ತರಬಹುದು.

ಇದು ಮಕ್ಕಳಿಗೆ ಮೀರಿದ ಭಾರ ಎನ್ನುವವರು ಕುಂದಾಪುರ ತಾಲ್ಲೂಕಿನತ್ತ ನೋಡಲಿ. 1990ರ ದಶಕದಲ್ಲಿ ಅಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. ಶಾಲೆಗೆ ಹೋಗುವ ದಾರಿಯ ಕಾಲುಸಂಕದಂಥ ವಿಷಯಗಳನ್ನು ಮಕ್ಕಳೇ ದೊಡ್ಡವರ ಪಂಚಾಯಿತಿಯ ಮುಂದೆ ಇಟ್ಟರು. 2006ರಲ್ಲಿ ಕರ್ನಾಟಕ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಹೇಳಿತು. ಎಷ್ಟೋ ಕಡೆ ಅದು ಈಗ ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮವಾಗಿರುವುದು ನಿಜ. ಆದರೂ ಅಲ್ಲಿ ಎದುರಿಗೆ ಕೂತವರು ಪಂಚಾಯಿತಿಯ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ. ಅವರ ಬಳಿ ಹಣ ಇದೆ, ಹಣ ಸಾಲದು ಎನ್ನುವ ಲೆಕ್ಕವೂ ಇದೆ. ಆ ಲೆಕ್ಕಕ್ಕೆ ಮಗು ಉತ್ತರ ಹುಡುಕಬೇಕು.

ತಮಿಳುನಾಡಿನಲ್ಲಿ ಗ್ರಾಮಸಭೆಗೆ ನಿಗದಿಯಾದ ದಿನಗಳಿವೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈಚೆಗೆ ವಿಶ್ವ ಜಲದಿನವಾದ ಮಾರ್ಚ್ 22 ಮತ್ತು ನವೆಂಬರ್ 1 ಕೂಡ. ಹೊಸೂರು ಸೀಮೆಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು. ಈ ವರ್ಷ ಚಾರ್ಟು, ಆಟದ ನೋಟು ಬದಿಗಿಡಿ. ಮಾರ್ಚ್ 22ಕ್ಕೆ ಒಂದು ತಿಂಗಳ ಮೊದಲು ಮಕ್ಕಳಿಗೆ ನದಿಯ ವಿಷಯವನ್ನೋ, ಸಂಜೆ ಶಾಲೆ ಬಿಡುವ ಹೊತ್ತಿಗೆ ಬಾರದ ಬಸ್ಸಿನ ವಿಷಯವನ್ನೋ ಕೊಡಿ. ಅರ್ಧ ಮಕ್ಕಳು ಅದರ ವಿರುದ್ಧ ಇರುವ ಕಾರಣಗಳನ್ನು ಮೊದಲು ಹುಡುಕಿ ತರಲಿ: ಬಸ್ಸು ಓಡಿಸುವವರ ನಷ್ಟ, ಪಂಚಾಯಿತಿಯ ಕೈಗೆಟುಕದ ಖರ್ಚು. ಮಾತಾಡುವ ಮಗು ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡಲಿ, ಕೇಳುವವರಿಗೆ ತಿಳಿದರೆ ಸಾಕು. ಅಂಕ ಕೊಡುವಾಗ ಅರ್ಧದಷ್ಟನ್ನು ಒಂದೇ ವಿಷಯಕ್ಕೆ ಇಡಿ: ಸಭೆಯಲ್ಲಿ ಯಾರು ಏನೆಂದು ಆಕ್ಷೇಪಿಸಿದರು, ಅದರಲ್ಲಿ ಯಾವುದು ಸರಿ ಎನಿಸಿತು, ಆಮೇಲೆ ತನ್ನ ಮಾತನ್ನು ಎಲ್ಲಿ ತಿದ್ದಿಕೊಂಡೆ ಎಂದು ಮಗು ತನ್ನ ಕೈಯಾರೆ ಬರೆದು ಕೊಡುವ ಒಂದು ಪುಟಕ್ಕೆ.